ಕ್ಯಾಸೆಟ್ಟಿಗೆ ಉಫ್ ಅನ್ನಬೇಡಿ
ದಾವಣಗೆರೆಲಿ ನಾವೆಲ್ಲ ಆಡಿದ್ದು 1983ರ ಜಪಾನಿನ ಫ್ಯಾಮಿಕಾಮ್ ಅನ್ನೋ ಟಿವಿ ವಿಡಿಯೋ ಗೇಮಿನ ನಕಲು ಸೆಟ್ಟು. ಗೇಮಿರೋ ಕ್ಯಾಸೆಟ್ಟಿಗೆ 60 ಪಿನ್ನು. ಗೇಮ್ ಬರಲಿಲ್ಲ ಅಂದ್ರೆ ಊದೋ ಚಾಳಿ ಬಿಡಿ, ಎಂಜಲಿನ ಪಸೆಗೆ ಪಿನ್ನು ಕಿಲುಬು ಹಿಡಿಯುತ್ತೆ. ನಮ್ಮೂರ ಧೂಳಿಗೆ ಮದ್ದು ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರನ್ನ ಕೇಳಿ. ಹತ್ತಿ ಬಡ್ಸ್ ಅದ್ದಿ ಪಿನ್ನಿನ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದ್ರೆ ಹತ್ತಿ ಎಳೆ ಸಿಕ್ಕಿಕೊಳ್ಳುತ್ತೆ. ಬಡ್ಸ್ ಕಪ್ಪಾಗೋದು ನಿಲ್ಲೋವರೆಗೂ ಹೊಸದು ತಗೊಳ್ತಾ ಹೋಗಿ. ಪೂರ್ತಿ ಆರಿದ ಮೇಲೇ, ಸ್ವಿಚ್ ಆಫ್ ಮಾಡಿ ಹಾಕಿ.

ಅಡಾಪ್ಟರ್ ಬದಲಿಸುವಾಗ ವೋಲ್ಟೇಜು, ಪ್ಲಸ್-ಮೈನಸ್ ಎರಡೂ ತಾಳೆ ನೋಡಿ. ಬಾತುಕೋಳಿ ಹೊಡೆಯೋ ಗೇಮಿನ ಗನ್ ಎಲ್‌ಇಡಿ ಟಿವಿಲಿ ನಡೆಯಲ್ಲ. ಅದಕ್ಕೇ ಹಳೇ ಡಬ್ಬಾ ಟಿವಿ ಗುಜರಿಗೆ ಹಾಕಬೇಡಿ. ಬೆಣ್ಣೆದೋಸೆ ತಿಂದ ಕೈಲಿ ಬಟನ್ ಒತ್ತೋ ಹುಡುಗರನ್ನ ನಾನಂತೂ ಎಬ್ಬಿಸಿ ನಲ್ಲಿ ಹತ್ರ ಕಳಿಸ್ತೀನಿ.