ಹೊಟ್ಟೆಗೆ ಹಾಕಿದ ಪೆಗ್ ಪೈಪ್: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಲಕ್ವಾ ಹೊಡೆದು ನುಂಗಲು ಬಾರದವರಿಗೆ ಹೊಟ್ಟೆಯ ಚರ್ಮದಲ್ಲಿ ಸಣ್ಣ ತೂತು ಮಾಡಿ, ನೇರ ಜಠರಕ್ಕೆ ಪೈಪ್ ಹಾಕುತ್ತಾರೆ. ಇದೇ ಪೆಗ್ ಟ್ಯೂಬ್. ಹಾಕುವುದಕ್ಕೆ ಹೆಚ್ಚು ಹೊತ್ತು ಬೇಡ. ಮುಂದಿನ ತಿಂಗಳುಗಟ್ಟಲೆ ಜವಾಬ್ದಾರಿ ಮನೆಯವರದು.

ಮೊದಲು ಪೈಪ್ ಮೇಲೆ ಅಳತೆಪಟ್ಟಿಯ ಹಾಗೆ ಸೆಂಟಿಮೀಟರಿನಲ್ಲಿ ಬರೆದಿರುವ ನಂಬರ್ ನೋಡಿ. ನಮ್ಮವ್ವನಿಗೆ ಹಾಕಿದಾಗ ಚರ್ಮದ ಹತ್ತಿರ 4 ಅಂತ ಇತ್ತು. ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟು, ದಿನಾ ಬೆಳಿಗ್ಗೆ ಹೋಲಿಸಿ ನೋಡುತ್ತಿದ್ದೆ. ನಂಬರ್ ಬದಲಾದರೆ ಪೈಪ್ ಜರುಗಿದೆ ಅಂತ ಅರ್ಥ. ಆಗ ಗಂಜಿ ಹಾಕದೆ ಡಾಕ್ಟರಿಗೆ ಫೋನ್ ಮಾಡಿ.

ಗಂಜಿ ಹಾಕುವಾಗ ತಲೆ ಎತ್ತರದಲ್ಲಿರಲಿ, ಮುಗಿದ ಮೇಲೂ ಒಂದು ಗಂಟೆ ಹಾಗೇ ಇರಲಿ. ಮಲಗಿಸಿ ಹಾಕಿದರೆ ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ರಾಗಿ ಗಂಜಿಯಾಗಲಿ, ಜೋಳದ ಗಂಜಿಯಾಗಲಿ, ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿ. ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ ಗಂಜಿಯನ್ನು ಮಧ್ಯಾಹ್ನಕ್ಕೆ ಹಾಕಲೇಬೇಡಿ, ಹುಳಿ ಬಂದಿರುತ್ತದೆ.

ಗಂಜಿಗೆ ಮೊದಲು ಮತ್ತು ನಂತರ 30 ಎಂಎಲ್ ಕಾಯಿಸಿ ಆರಿಸಿದ ನೀರು ಬಿಡಿ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಪುಡಿ ಮಾಡಿ ಕರಗಿಸಿ ಹಾಕಿ. ಎಲ್ಲ ಮಾತ್ರೆ ಪುಡಿ ಮಾಡುವಂಥದ್ದಲ್ಲ, ಡಾಕ್ಟರನ್ನು ಕೇಳಿಕೊಳ್ಳಿ. ಪೈಪ್ ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಹಿಂದೆಮುಂದೆ ಮಾಡಿ. ತಂತಿ ತೂರಿಸಬೇಡಿ, ತೂತು ಬೀಳುತ್ತದೆ.

ಚರ್ಮವನ್ನು ದಿನಾ ಸೋಪು ನೀರಿನಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಪೈಪ್ ಜರುಗದಂತೆ ಹಿಡಿಯಲು ಚರ್ಮದ ಹೊರಗೊಂದು, ಜಠರದ ಒಳಗೊಂದು ಬಿಲ್ಲೆ ಇರುತ್ತದೆ. ನಮ್ಮ ಕಡೆ ಬೆವರು ಜಾಸ್ತಿ ಅಲ್ವಾ, ಹೊರಗಿನ ಬಿಲ್ಲೆಯ ಕೆಳಗೆ ಒದ್ದೆ ನಿಂತು ಚರ್ಮ ಕೆಂಪಾಗುತ್ತದೆ. ಕೀವು, ವಾಸನೆ, ಜ್ವರ ಬಂದರೆ ತೋರಿಸಿ. ಬಿಲ್ಲೆ ತೀರ ಬಿಗಿಯಾಗಿರಬಾರದು. ಬಿಗಿಯಾಗಿದ್ದರೆ ಒಳಗಿನ ಬಿಲ್ಲೆ ಜಠರದ ಗೋಡೆಯೊಳಗೆ ಹೂತುಹೋಗುತ್ತದೆ. ಅದಕ್ಕೇ, ಗಾಯ ಮಾಗಿದ ಮೇಲೆ ಡಾಕ್ಟರ್ ತೋರಿಸಿಕೊಟ್ಟ ಹಾಗೆ ಪೈಪನ್ನು ಸ್ವಲ್ಪ ಒಳಗೆ ತಳ್ಳಿ, ತಿರುಗಿಸಿ ಮತ್ತೆ ಅದೇ ನಂಬರಿಗೆ ತರಬೇಕು. ತಿರುಗದಿದ್ದರೆ ಜೋರು ಮಾಡಬೇಡಿ, ಕರೆದುಕೊಂಡು ಹೋಗಿ.

ಪೈಪ್ ಪೂರ್ತಿ ಕಿತ್ತುಬಂದರೆ? ತೂತಿನ ಮೇಲೆ ಶುದ್ಧ ಬಟ್ಟೆ ಇಟ್ಟು ತಕ್ಷಣ ಹೊರಡಿ, ಪೈಪನ್ನೂ ಜೊತೆಗೆ ಒಯ್ಯಿರಿ. ಬೆಳಿಗ್ಗೆ ನೋಡೋಣ ಅನ್ನಬೇಡಿ, ಕೆಲವೇ ಗಂಟೆಗಳಲ್ಲಿ ದಾರಿ ಮುಚ್ಚುತ್ತದೆ. ಸಿಂಧನೂರು, ಲಿಂಗಸುಗೂರು ಕಡೆಯ ಹಳ್ಳಿಯವರು ರಾತ್ರಿಗೆ ಯಾವ ಗಾಡಿ ಸಿಗುತ್ತದೆ ಅಂತ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಹಾಕಿ ಇನ್ನೂ ನಾಲ್ಕು ವಾರ ಆಗಿಲ್ಲದಿದ್ದರೆ ಮನೆಯಲ್ಲಿ ಯಾರೂ ಮತ್ತೆ ತೂರಿಸಲು ಹೋಗಬಾರದು. ದಾರಿ ತಪ್ಪಿ ಗಂಜಿ ಜಠರದ ಹೊರಗೆ ಬಿದ್ದರೆ ಜೀವಕ್ಕೇ ಅಪಾಯ. ಹಾಕಿದ ಮೊದಲ ಮೂರು ದಿನಗಳಲ್ಲಿ ಗಂಜಿ ಬಿಡುವಾಗ ನೋವೆಂದು ನರಳಿದರೆ, ರಕ್ತ ಬಂದರೆ, ಪಕ್ಕದಿಂದ ಸೋರಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.