ಲಿನಕ್ಸ್ ಕಂಪ್ಯೂಟರ್ ಆಫ್ ಆಗಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದರೆ

ಉಬುಂಟು ಅಥವಾ ಡೆಬಿಯನ್ ಇರುವ ಕಂಪ್ಯೂಟರನ್ನು ಆಫ್ ಮಾಡಿದ ಮೇಲೂ ಅದು ಒಂದೂವರೆ ನಿಮಿಷ ಸುಮ್ಮನೆ ನಿಂತು ಆಮೇಲಷ್ಟೇ ಆರುತ್ತಿದ್ದರೆ, ದೋಷ ಹಾರ್ಡ್‌ವೇರಿನಲ್ಲಿರುವ ಸಾಧ್ಯತೆ ಕಡಿಮೆ. ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ಸರ್ವಿಸ್ ನಿಲ್ಲದೆ ಹಟ ಹಿಡಿದಾಗ, ಸರ್ವಿಸ್‌ಗಳನ್ನು ಆರಂಭಿಸಿ ನಿಲ್ಲಿಸುವ ಪ್ರೋಗ್ರಾಮ್ ಆದ ಸಿಸ್ಟಮ್‌ಡಿ (systemd) ಸಾಮಾನ್ಯವಾಗಿ 90 ಸೆಕೆಂಡು ಕಾದು, ಅನಂತರ ಅದನ್ನು ಬಲವಂತವಾಗಿ ಕೊನೆಗೊಳಿಸುತ್ತದೆ; ನಾವು ಕಾಯುವುದು ಈ ಗಡುವು ಮುಗಿಯಲೆಂದೇ.

ಆಫ್ ಆಗುವಾಗ ಎಸ್ಕೇಪ್ ಕೀ ಒತ್ತಿದರೆ ಲೋಗೋ ಸರಿದು, ತಡೆಯುತ್ತಿರುವ ಸರ್ವಿಸ್‌ನ ಹೆಸರು ಹೆಚ್ಚಾಗಿ ಪರದೆಯ ಮೇಲೆಯೇ ಕಾಣುತ್ತದೆ. ಅದು ಕಣ್ತಪ್ಪಿದರೆ, ಮತ್ತೆ ಆನ್ ಮಾಡಿ ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಆದೇಶವನ್ನು ‘-ಬಿ -1 -ಇ’ ಆಯ್ಕೆಗಳೊಂದಿಗೆ (ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ: journalctl -b -1 -e) ಕೊಟ್ಟು, ಹಿಂದಿನ ಬಾರಿಯ ಲಾಗ್‌ನ (ಸಿಸ್ಟಮ್ ಬರೆದಿಟ್ಟ ದಾಖಲೆಯ) ಕೊನೆಯ ಸಾಲುಗಳನ್ನು ಓದಿರಿ. ಎನ್‌ಎಫ್‌ಎಸ್ (ಬೇರೆ ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಮೂಲಕ ಜೋಡಿಸಿದ ಫೋಲ್ಡರ್, ಸರ್ವರ್ ಕೈಗೆ ಸಿಗದಿದ್ದಾಗ, ಹೀಗೆ ಕಾಡುವುದುಂಟು. ಸರ್ವರ್ ಸಿಗುತ್ತಿರುವಾಗಲೇ, ಆಫ್ ಮಾಡುವ ಮೊದಲು ಅದನ್ನು ಅನ್‌ಮೌಂಟ್ ಮಾಡಿದರೆ (ಜೋಡಣೆ ಬಿಡಿಸಿದರೆ) ಸಾಕು.

ಸಿಸ್ಟಮ್‌ಡಿಯ ಸಿಸ್ಟಮ್ ಡಾಟ್ ಕಾನ್ಫ್ (system.conf) ಕಡತದಲ್ಲಿ, ಎಲ್ಲ ಸರ್ವಿಸ್‌ಗಳಿಗೂ ಸಾಮಾನ್ಯ ಗಡುವಾದ ‘ಡೀಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್’ (DefaultTimeoutStopSec) ಮೌಲ್ಯವನ್ನು 15 ಸೆಕೆಂಡಿಗೆ ಇಳಿಸುವುದು ಹಲವರು ಮೊದಲು ಹಿಡಿಯುವ ದಾರಿ. ನನ್ನ ಮಟ್ಟಿಗೆ ಅದು ಕೊನೆಯ ಉಪಾಯ, ಏಕೆಂದರೆ ಯಾವುದಾದರೂ ಡೇಟಾಬೇಸ್ ಓಡುತ್ತಿದ್ದರೆ, ಅದು ತನ್ನ ಕೆಲಸ ಮುಗಿಸುವ ಮೊದಲೇ ಕತ್ತರಿಸಿದಂತಾಗಬಹುದು. ತೊಂದರೆ ಕೊಡುವ ಸರ್ವಿಸ್ ಯಾವುದೆಂದು ತಿಳಿದಿದ್ದರೆ, ಆ ಒಂದಕ್ಕೆ ಮಾತ್ರ ಗಡುವು ಕಡಿಮೆ ಮಾಡಿರಿ.