ಮಗುವಿನ ಬಟ್ಟೆ ಮೇಲಿನ ಊಟದ ಕಲೆ: ನಾನು ತೆಗೆಯುವ ರೀತಿ

ಮಗುವಿನ ಬಟ್ಟೆ ಮೇಲೆ ಕಲೆ ಬಿದ್ದರೆ ನಾನು ಮೊದಲು ಸೋಪು ಹುಡುಕುವುದಿಲ್ಲ. ಅದು ಯಾವುದರ ಕಲೆ ಅಂತ ನೋಡುತ್ತೇನೆ. ರಾಗಿ ಸರಿಗೆ ಒಂದು ರೀತಿ, ಬೇಳೆಕಟ್ಟಿಗೆ ಒಂದು ರೀತಿ, ಬಾಳೆಹಣ್ಣಿಗೆ ಬೇರೆಯೇ ರೀತಿ. ಮಗಳ ಊಟ ಶುರುವಾದಾಗಿನಿಂದ ಈಗ ಮಗನ ಸರದಿಯವರೆಗೆ, ದಾವಣಗೆರೆಯ ನಮ್ಮ ಮನೆಯಲ್ಲಿ ಈ ಪುಟ್ಟ ಬಟ್ಟೆಗಳನ್ನೆಲ್ಲ ನಾನೇ ಕೈಯಾರೆ ಒಗೆಯುತ್ತೇನೆ. ಹಾಗೆ ಒಗೆಯುತ್ತಾ ಕಂಡುಕೊಂಡದ್ದು ಇದು.

ಯಾವ ಕಲೆಯಾದರೂ ಮೊದಲ ಕೆಲಸ ಒಂದೇ. ಮೆತ್ತಿಕೊಂಡ ಊಟವನ್ನು ಚಮಚದ ಹಿಂಬದಿಯಿಂದ ಕೆರೆದು ತೆಗೆಯುವುದು. ಬೆರಳಲ್ಲಿ ಒರೆಸಿದರೆ ಅದು ನೂಲಿನೊಳಗೆ ಇನ್ನೂ ಇಳಿಯುತ್ತದೆ. ಆಮೇಲೆ ಬಟ್ಟೆಯನ್ನು ಮಗುಚಿ, ಒಳಬದಿಯಿಂದ ನಲ್ಲಿ ನೀರು ಬಿಡುತ್ತೇನೆ. ಬಂದ ದಾರಿಯಲ್ಲೇ ಊಟ ಹೊರಗೆ ಹೋಗಬೇಕು. ನೀರು ತಣ್ಣಗಿರಬೇಕು. ಹಾಲು, ಮೊಸರು, ಬೇಳೆ, ಮೊಟ್ಟೆ ಎಲ್ಲದರಲ್ಲೂ ಪ್ರೊಟೀನ್ ಇದೆ. ಬಿಸಿನೀರು ಬಿದ್ದರೆ ಅದು ನೂಲಿನೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಬಿಸಿನೀರಿನದು ಏನಿದ್ದರೂ ಆಮೇಲಿನ ಕೆಲಸ.

ನಮ್ಮ ಮನೆಯಲ್ಲಿ ರಾಗಿ ಸರಿ ಅಂದರೆ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು. ಒದ್ದೆ ಇದ್ದಾಗ ಸುಲಭವಾಗಿ ಹೋಗುತ್ತದೆ. ಒಣಗಿದರೆ ಗಂಜಿ ಹಾಕಿದಂತೆ ಬಿರುಸಾಗುತ್ತದೆ, ಸಿಪ್ಪೆಯ ಕಂದು ಬಣ್ಣವೂ ಹಿಡಿಯುತ್ತದೆ. ಒಣಗಿದ್ದನ್ನು ಬ್ರಶ್ಶಿನಲ್ಲಿ ಉಜ್ಜಿ ಸುಸ್ತಾಗುವುದು ಬೇಡ. ಎಂಜೈಮ್ ಇರುವ ಡಿಟರ್ಜೆಂಟ್ ಪುಡಿ ಸ್ವಲ್ಪ ಹಾಕಿ, ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿಡಿ. ಪಾಕೆಟ್ ಮೇಲೆ ಎಂಜೈಮ್ ಅಂತ ಬರೆದಿರುತ್ತಾರೆ. ಅದು ಗಂಜಿಯನ್ನೂ ಪ್ರೊಟೀನನ್ನೂ ಸಣ್ಣದಾಗಿ ಒಡೆಯುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಕುದಿಯುವ ನೀರು ಹಾಕಿದರೆ ಎಂಜೈಮೇ ಕೆಡುತ್ತದೆ.

ಇನ್ನು ಅರಿಶಿನ. ತಾಯಂದಿರು ಜಾಸ್ತಿ ಬೇಜಾರು ಮಾಡಿಕೊಳ್ಳುವುದು ಇದಕ್ಕೇ. ಆದರೆ ಸರಿಯಾಗಿ ಮಾಡಿದರೆ ಪೂರ್ತಿ ಹೋಗುವ ಕಲೆಯೂ ಇದೇ. ಬೇಳೆಕಟ್ಟಿಗೆ ನಾವು ತುಪ್ಪ ಹಾಕುತ್ತೇವಲ್ವಾ? ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ತುಪ್ಪ ಹೋಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ಜಾಲಿಸುತ್ತೇನೆ. ಆಮೇಲೆ ಬಟ್ಟೆ ಸೋಪು ಹಚ್ಚಿದಾಗ ಹಳದಿ ಕಲೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಗಾಬರಿ ಬೇಡ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದೂ ಇದೇ ಕಾರಣಕ್ಕೆ. ಸೋಪಿನಲ್ಲೂ ಸುಣ್ಣದಲ್ಲೂ ಕ್ಷಾರ ಇದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ.

ಉಳಿದ ಹಳದಿಯನ್ನು ತೆಗೆಯುವುದು ಬಿಸಿಲು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದೆ. ಒಗೆದ ಬಟ್ಟೆಯನ್ನು ಒದ್ದೆಯಾಗಿರುವಾಗಲೇ, ಕಲೆ ಮೇಲ್ಮುಖವಾಗಿ ಇರುವ ಹಾಗೆ, ಮಾಳಿಗೆ ಮೇಲೆ ಹರವುತ್ತೇನೆ. ನಮ್ಮ ಊರಿನ ಮಾರ್ಚ್, ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಬೆಳ್ಳಗಾಗುತ್ತದೆ. ಇನ್ನೂ ಸ್ವಲ್ಪ ಕಂಡರೆ ಮರುದಿನ ನೀರು ಚಿಮುಕಿಸಿ ಮತ್ತೆ ಹಾಕುವುದು. ಮಳೆಗಾಲದಲ್ಲಿ ಜಾಸ್ತಿ ದಿನ ಹಿಡಿಯುತ್ತದೆ, ಆದರೂ ಮೋಡದ ಬೆಳಕು ಕೂಡ ಕೆಲಸ ಮಾಡುತ್ತದೆ. ಕ್ಯಾರೆಟ್, ಕುಂಬಳಕಾಯಿಯ ಕಿತ್ತಳೆ ಬಣ್ಣಕ್ಕೂ ಇದೇ ದಾರಿ. ಬಣ್ಣದ ಬಟ್ಟೆಯಾದರೆ ಕಲೆ ಹೋದ ಕೂಡಲೇ ತೆಗೆದುಬಿಡಿ, ಇಲ್ಲದಿದ್ದರೆ ಬಟ್ಟೆಯ ಬಣ್ಣವೂ ಮಾಸುತ್ತದೆ. ಕಲೆ ಇರುವಾಗ ಇಸ್ತ್ರಿ ಮಾತ್ರ ಮಾಡಲೇಬೇಡಿ.

ಬಾಳೆಹಣ್ಣು ಬೇರೆ ಥರ. ಬಿದ್ದಾಗ ಏನೂ ಕಾಣುವುದಿಲ್ಲ. ಸುಮ್ನೆ ಒರೆಸಿ ಬಿಡುತ್ತೇವೆ. ಮರುದಿನ ನೋಡಿದರೆ ಕಪ್ಪು ಕಂದು ಮಚ್ಚೆ. ಹೆಚ್ಚಿಟ್ಟ ಹಣ್ಣು ಗಾಳಿ ತಾಗಿ ಕಪ್ಪಾಗುತ್ತದಲ್ಲ, ಬಟ್ಟೆಯ ಮೇಲೂ ಆಗುವುದು ಅದೇ. ಹಾಗಾಗಿ ಕಲೆ ಕಾಣದಿದ್ದರೂ ತಕ್ಷಣ ತಣ್ಣೀರಿನಲ್ಲಿ ತೊಳೆಯಬೇಕು. ಹರಿಹರಕ್ಕೋ ಚಿತ್ರದುರ್ಗಕ್ಕೋ ಬಸ್ಸಿನಲ್ಲಿ ಹೊರಟಾಗ ಬಿಬ್ಬನ್ನು ಬಾಟಲಿ ನೀರಿನಲ್ಲಿ ನೆನೆಸಿ ಒಂದು ಕವರಿಗೆ ಹಾಕಿಕೊಳ್ಳುತ್ತೇನೆ. ಮನೆಗೆ ಬಂದ ಕೂಡಲೇ ಒಗೆಯುವುದು.

ಕಪ್ಪಾಗಿದ್ದರೆ ಬರಿ ಸೋಪಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ನಾನು ಬಳಸುವುದು ಸೋಡಿಯಂ ಪರ್ಕಾರ್ಬೊನೇಟ್ ಇರುವ ಕಲೆ ತೆಗೆಯುವ ಪುಡಿ. ನೀರಿಗೆ ಬಿದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ. ಬಿಸಿ ಅನ್ನಿಸುವ ನೀರಿಗೆ ಕರಗಿಸಿ, ಕೆಲವು ಗಂಟೆ ನೆನೆಸಿ, ಎರಡು ಮೂರು ನೀರಿನಲ್ಲಿ ಜಾಲಿಸಬೇಕು. ಕರಗಿಸಿದ್ದು ಮಿಕ್ಕರೆ ಚೆಲ್ಲಿಬಿಡಿ. ಬಾಟಲಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಗ್ಯಾಸ್ ಕಟ್ಟಿ ಸಿಡಿಯಬಹುದು. ರೇಷ್ಮೆ ಲಂಗಕ್ಕೆ, ಉಣ್ಣೆ ಕುಲಾವಿಗೆ ಈ ಪುಡಿ ಆಗುವುದಿಲ್ಲ.

ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಕೂಡ ಬಿಬ್ ಮೇಲೆ ಸುರಿಯುತ್ತದೆ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ 2 ಸಲ, 1 ಮಿ.ಲೀ. ಇದು ತುಕ್ಕಿನ ಕಲೆ, ಇದಕ್ಕೆ ಹುಳಿ ಬೇಕು. ನಿಂಬೆರಸ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯುತ್ತೇನೆ. ನಿಂಬೆಯ ಅಂಶ ಪೂರ್ತಿ ಹೋಗಬೇಕು, ಅದು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಕ್ಲೋರಿನ್ ಬ್ಲೀಚ್ ಹಾಕಿದರೆ ತುಕ್ಕಿನ ಕಲೆ ಇನ್ನೂ ಗಟ್ಟಿಯಾಗುತ್ತದೆ. ಆ ಬ್ಲೀಚಿಗೆ ನಿಂಬೆಯನ್ನಾಗಲಿ ವಿನೆಗರನ್ನಾಗಲಿ ಯಾವತ್ತೂ ಬೆರೆಸಬೇಡಿ, ವಿಷದ ಗ್ಯಾಸ್ ಬರುತ್ತದೆ. ನಾನಂತೂ ಮಕ್ಕಳ ಬಟ್ಟೆಗೆ ಬ್ಲೀಚ್ ಮುಟ್ಟಿಸುವುದಿಲ್ಲ.

ನೀರಿನ ಮಾತು ಹೇಳಲೇಬೇಕು. ನಮ್ಮ ಬೋರಿನ ನೀರು ಗಡಸು. ಬಾರ್ ಸೋಪು ನೊರೆ ಬರದೆ ಒಡೆದ ಹಾಲಿನ ಥರ ಆಗಿ ಬಟ್ಟೆಗೇ ಅಂಟುತ್ತದೆ. ಬಟ್ಟೆ ಬಿರುಸು, ಬಿಳಿ ಹೋಗಿ ಬೂದಿ. ಅದಕ್ಕೇ ಕುಂದುವಾಡ ಕೆರೆ ಕಡೆಯಿಂದ ಬರುವ ನಲ್ಲಿ ನೀರನ್ನು ಮಗುವಿನ ಬಟ್ಟೆಗೆ ಅಂತಲೇ ಒಂದು ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ನೀರು ಬರದ ದಿನ ಬೋರಿನದೇ ಗತಿ. ಆಗ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಬಳಸುತ್ತೇನೆ.

ನಮ್ಮತ್ತೆ ಒಂದು ಮಾತು ಹೇಳುತ್ತಾರೆ: "ಕಲೆ ಇದ್ರೆ ಇರ್ಲಿ ಬಿಡಮ್ಮ, ಹುಳಿ ವಾಸ್ನೆ ಇರಬಾರ್ದು ನೋಡು." ಅದು ನಿಜ. ಬಿಬ್ಬಿನ ಕತ್ತಿನ ಪಟ್ಟಿಯಲ್ಲಿ, ಲಾಡಿಯ ಗಂಟಿನಲ್ಲಿ ಮೊಸರು, ಹಾಲು ಸೇರಿಕೊಳ್ಳುತ್ತದೆ. ಒದ್ದೆ ಪಟ್ಟಿ ಗಂಟೆಗಟ್ಟಲೆ ಉಜ್ಜಿದರೆ ಮಗುವಿನ ಗಲ್ಲದ ಕೆಳಗೆ ಕೆಂಪಾಗುತ್ತದೆ. ನಾನು ಪ್ರತಿ ಸಲ ಗಂಟು ಬಿಚ್ಚಿ, ಪಟ್ಟಿಯನ್ನು ತಿರುಗಿಸಿ ತೊಳೆಯುತ್ತೇನೆ. ಮಾವನವರ ಹಳೆ ಹತ್ತಿ ಪಂಚೆ ಕತ್ತರಿಸಿ ಹೊಲಿದ ಬಿಬ್ಬುಗಳು ಅಂಗಡಿಯವಕ್ಕಿಂತ ಬೇಗ ಒಗೆಸಿಕೊಳ್ಳುತ್ತವೆ, ಬೇಗ ಒಣಗುತ್ತವೆ.

ಚಿಕ್ಕದಾದ ಬಟ್ಟೆ ಎತ್ತಿಡುವಾಗ ಎದೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಕಾಣದ ಹಾಲು, ತುಪ್ಪದ ಅಂಶ ಪೆಟ್ಟಿಗೆಯಲ್ಲಿ ಕೂತು ತಿಂಗಳುಗಟ್ಟಲೆ ಆದ ಮೇಲೆ ಹಳದಿ ಮಚ್ಚೆಯಾಗಿ ಏಳುತ್ತದೆ. ಮಗಳ ಜಬಲಾಗಳನ್ನು ಮಗನಿಗೆ ತೆಗೆದಾಗ ಎಷ್ಟೋ ಹಾಗಾಗಿದ್ದವು. ಪರ್ಕಾರ್ಬೊನೇಟಿನಲ್ಲಿ ರಾತ್ರಿಯಿಡೀ ನೆನೆಸಿ, ಬಿಸಿಲಿಗೆ ಹಾಕಿದ ಮೇಲೆ ಬಹುಪಾಲು ಹೋಯಿತು. ಈಗ ತಂಗಿಯ ಮಗುವಿಗೆ ಕಟ್ಟಿಡುತ್ತಿರುವ ಬಟ್ಟೆಗಳನ್ನು ಹಾಗೆ ಒಗೆದು, ಗಂಜಿ ಹಾಕದೆ, ಪೂರ್ತಿ ಒಣಗಿಸಿಯೇ ಎತ್ತಿಡುತ್ತಿದ್ದೇನೆ.